ತೋಟದಿಂದ ಮಳಿಗೆಗೆ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವವರು ಅದನ್ನು ಬೆಳೆದವನ ಮುಖವನ್ನು ಕಾಣುವುದು ವಿರಳ. ನಡುವೆ ದಲ್ಲಾಳಿಯೂ ಸಗಟು ವ್ಯಾಪಾರಿಯೂ ನಿಂತಿರುತ್ತಾರೆ. ಕೊಯ್ದ ದ್ರಾಕ್ಷಿಯಾದರೋ ಒಳ್ಳೆಯ ಧಾರಣೆ ಬರುವವರೆಗೆ ಕಾಯದು. ಪೇಟೆಗೆ ಒಯ್ದ ಮಾಲನ್ನು ಮರಳಿ ತರಲಾರದ ರೈತನು ಕೇಳಿದ ಬೆಲೆಗೆ ಕೊಟ್ಟು ಬರಬೇಕು. ಇಂಥ ಬೆಳೆಗಾರರಿಗಾಗಿ 1959ರಲ್ಲಿ, ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ, ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಹುಟ್ಟಿತು. ಮುಂದೆ ಇತರ ಹಣ್ಣು ತರಕಾರಿಗಳನ್ನೂ ಸೇರಿಸಿಕೊಂಡು ಅದೇ ಹಾಪ್‌ಕಾಮ್ಸ್ ಎನಿಸಿತು. ರೈತರಿಂದ ತೂಕದ ಮೇಲೆ ಕೊಂಡು, ನಿಗದಿಯಾದ ದರಕ್ಕೆ ತನ್ನ ಮಳಿಗೆಗಳಲ್ಲಿ ಮಾರುವುದೇ ಅದರ ಕ್ರಮ. ಆದರೆ ಬೆಳೆದುದೆಲ್ಲವನ್ನೂ ಸಂಘವು ಕೊಳ್ಳಲಾರದು. ಉಳಿದುದು ಮತ್ತೆ ದಲ್ಲಾಳಿಯ ಮಂಡಿಗೇ ಹೋಗಬೇಕು. ಸೊಪ್ಪು ಬಾಡಿದೆಯೆಂದು ಗೃಹಿಣಿಯು ಮಳಿಗೆಯಿಂದ ಬರಿಗೈಯಲ್ಲಿ ಹಿಂದಿರುಗಿದಳೆಂದರೆ, ನಾಳೆ ರೈತನಿಂದ ಕೊಳ್ಳುವ ತೂಕವೂ ಅಷ್ಟರಮಟ್ಟಿಗೆ ತಗ್ಗುತ್ತದೆ.