ಕೊಳೆಯದ ಕಸ

ದನದ ಸಗಣಿ, ಉದುರಿದ ಎಲೆ, ಅಡುಗೆಮನೆಯ ಕಸ ಇವೆಲ್ಲವೂ ತಿಪ್ಪೆಯಲ್ಲಿ ಕೊಳೆತು ಬೆಳೆಗೆ ಆಹಾರವಾಗುತ್ತವೆ. ಆದರೆ ಕಸದೊಡನೆ ಬೆರೆತ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಮುಂತಾದ ಭಾರಲೋಹಗಳು ಕೊಳೆಯುವುದಿಲ್ಲ. ಅವು ಮೂಲವಸ್ತುಗಳು, ಸೂಕ್ಷ್ಮಜೀವಿಗಳಾಗಲಿ ಬೆಂಕಿಯಾಗಲಿ ಅವುಗಳನ್ನು ಇಲ್ಲವಾಗಿಸಲಾರವು. ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ದೇಹಕ್ಕೆ ಅವು ಸಾಗಬಲ್ಲವು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ; ಕ್ಯಾಡ್ಮಿಯಂ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ವಿಷಯ ಬಹಳ ಹತ್ತಿರವಾದುದು. ನಂದಿಬೆಟ್ಟದ ಸುತ್ತ ಹುಟ್ಟುವ ನದಿಗಳು ವರ್ಷವಿಡೀ ಹರಿಯುವುದಿಲ್ಲ. ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೇಟೊ, ಗೌರಿಬಿದನೂರಿನ ಮುಸುಕಿನ ಜೋಳ ಇವೆಲ್ಲ ಮಳೆಯನ್ನೂ ಅಂತರ್ಜಲವನ್ನೂ ನಂಬಿವೆ. ಆ ಅಂತರ್ಜಲವನ್ನು ಹೆಚ್ಚಿಸುವ ಸಲುವಾಗಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುತ್ತಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಅಂತಹವುಗಳಲ್ಲಿ ಒಂದು. ಮೂರನೆಯ ಹಂತದ ಶುದ್ಧೀಕರಣವೂ ನಡೆಯಬೇಕೆಂಬುದು ಈ ಭಾಗದ ರೈತರ ಬೇಡಿಕೆ.

ಕೊಳಚೆ ನೀರನ್ನು ಶುದ್ಧೀಕರಿಸುವಾಗ ಹಲವು ಲೋಹಗಳ ಹೆಚ್ಚಿನ ಅಂಶ ತಳದ ರಾಡಿಯಲ್ಲಿ ಉಳಿಯುತ್ತದೆ. ಅದೇ ರಾಡಿಯಲ್ಲಿ ಬೆಳೆಗೆ ಬೇಕಾದ ಸಾರಜನಕವೂ ರಂಜಕವೂ ಇವೆ. ಹಾಗಾದರೆ ಸಾರವನ್ನು ಉಳಿಸಿಕೊಂಡು ವಿಷವನ್ನು ಮಾತ್ರ ಹೊರತೆಗೆಯಲು ಸಾಧ್ಯವೇ?

ಇದಕ್ಕೆ ವಿಜ್ಞಾನಿಗಳು ವಿದ್ಯುತ್ತಿನ ನೆರವನ್ನು ಪಡೆದು ಪ್ರಯೋಗಗಳನ್ನು ನಡೆಸಿದ್ದಾರೆ. ಹಸಿಯಾದ ರಾಡಿಗೆ ಆಮ್ಲವನ್ನು ಬೆರೆಸಿದರೆ ಅದರಲ್ಲಿ ಅಂಟಿಕೊಂಡ ಲೋಹ ಕರಗಿ ಅಯಾನುಗಳಾಗುತ್ತದೆ. ಅನಂತರ ಎರಡು ವಿದ್ಯುದಗ್ರಗಳನ್ನು ನೆಟ್ಟು ನೇರ ವಿದ್ಯುತ್ತನ್ನು ಹರಿಸುತ್ತಾರೆ. ಸೀಸ, ಕ್ಯಾಡ್ಮಿಯಂಗಳ ಅಯಾನುಗಳು ಧನ ಆವೇಶವುಳ್ಳವು. ಆದುದರಿಂದ ಅವು ಮೆಲ್ಲಮೆಲ್ಲನೆ ಋಣಾಗ್ರದ ಕಡೆಗೆ ಸರಿಯುತ್ತವೆ. ಅಲ್ಲಿ ಸೇರಿದ ದ್ರವವನ್ನು ಹೊರತೆಗೆದರೆ ಲೋಹವೂ ಹೊರಬರುತ್ತದೆ. ವಿದ್ಯುತ್ತಿನಿಂದ ಪಾತ್ರೆಗಳಿಗೆ ಬೆಳ್ಳಿಯ ಲೇಪ ಕೊಡುವಾಗಲೂ ಲೋಹವು ಋಣಾಗ್ರದಲ್ಲಿಯೇ ಕೂಡುತ್ತದೆ. ‘ಅಯಾನು’ ಎಂಬ ಹೆಸರನ್ನು ಮೈಕೆಲ್ ಫ್ಯಾರಡೆ 1834ರಲ್ಲಿ ಬಳಕೆಗೆ ತಂದನು.

ಆದರೆ ಈ ವಿಧಾನ ಸುಲಭವಾದುದಲ್ಲ. ಋಣಾಗ್ರದ ಬಳಿ ಕ್ಷಾರ ಉಂಟಾಗಿ, ಕರಗಿದ ಲೋಹ ಮತ್ತೆ ಗಟ್ಟಿಯಾಗಿ ದಾರಿಯಲ್ಲೇ ನಿಲ್ಲುತ್ತದೆ; ಅದನ್ನು ತಡೆಯಲು ಅಲ್ಲಿಯೂ ಆಮ್ಲವನ್ನು ಹಾಕಬೇಕಾಗುತ್ತದೆ. ಸಾವಯವ ವಸ್ತುವಿಗೆ ಬಲವಾಗಿ ಅಂಟಿದ ಲೋಹ ಪೂರ್ತಿಯಾಗಿ ಬಿಡುವುದೂ ಇಲ್ಲ. ಕೆಲಸ ದಿನಗಟ್ಟಲೆ ಹಿಡಿಯಬಹುದು. ವಿದ್ಯುತ್ತಿನ ವೆಚ್ಚವೂ ಉಂಟು. ಹೊರಬಂದ ಲೋಹವನ್ನು ಪುನಃ ಬಳಸಬೇಕು, ಇಲ್ಲವೇ ಜೋಪಾನವಾಗಿ ಇರಿಸಬೇಕು.

ಒಮ್ಮೆ ಬೆರೆತ ವಿಷವನ್ನು ಬೇರ್ಪಡಿಸಲು ಇಷ್ಟು ಶ್ರಮ ಬೇಕು. ಬೆರೆಯದಂತೆ ನೋಡಿಕೊಳ್ಳಲು ಸ್ವಲ್ಪ ಎಚ್ಚರ ಸಾಕು. ಹಳೆಯ ಬ್ಯಾಟರಿ, ಬಣ್ಣದ ಡಬ್ಬ, ಒಡೆದ ವಿದ್ಯುತ್ ಉಪಕರಣ ಇವುಗಳನ್ನು ತಿಪ್ಪೆಗೂ ಚರಂಡಿಗೂ ಸೇರಿಸದೆ ಬೇರೆಯಾಗಿ ಇಡುವುದನ್ನು ಪ್ರತಿಯೊಂದು ಮನೆಯೂ ರೂಢಿಸಿಕೊಳ್ಳಬೇಕು. ಕಾರ್ಖಾನೆಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧಗೊಳಿಸಬೇಕು. ಆಗ ತಿಪ್ಪೆಯ ಗೊಬ್ಬರವನ್ನು ರೈತನು ನಿರ್ಭಯವಾಗಿ ಹೊಲಕ್ಕೆ ಹಾಕಬಲ್ಲನು.