ಹೊಸದಾಗಿ ಶುಗರ್ ಬಂದವರಿಗೆ ಆಹಾರ ತಜ್ಞೆಯ ಏಳು ಪಾಠಗಳು

ಖಾಲಿ ಹೊಟ್ಟೆಯ ಶುಗರ್ 126 ದಾಟಿದೆ, ಎಚ್‌ಬಿಎ1ಸಿ 6.5ಕ್ಕಿಂತ ಮೇಲಿದೆ ಎಂಬ ರಿಪೋರ್ಟ್ ಹಿಡಿದು ಬರುವವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ: 'ಇನ್ಮೇಲೆ ಏನು ತಿನ್ನಬಾರದು ಮೇಡಂ?' ಎಷ್ಟು ತಿನ್ನಬೇಕು, ಯಾವುದರ ಜತೆ, ಯಾವ ಹೊತ್ತಿಗೆ ಎಂದು ಕೇಳಿದವರಿಗೆ ಹಾದಿ ಸುಲಭ. ಟೈಪ್ 2 ಮಧುಮೇಹಿಗಳ ಜತೆಗಿನ ಒಡನಾಟ ನನಗೆ ಕಲಿಸಿದ್ದು ಇಷ್ಟು.

1. ಅಡುಗೆ ಅದೇ ಇರಲಿ, ಅಳತೆ ಬದಲಾಗಲಿ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಮಾತ್ರ ಅನ್ನ, ಮುದ್ದೆ ಅಥವಾ ರೊಟ್ಟಿ. ತಮಗೊಬ್ಬರಿಗೇ ಬೇರೆ ಅಡುಗೆ ಮಾಡಿಸಿಕೊಂಡವರು ಬೇಗ ಬೇಸರಪಡುತ್ತಾರೆ. ಮನೆಮಂದಿಯೆಲ್ಲ ಹೀಗೆಯೇ ಉಂಡರೆ ಅದು ಪಥ್ಯ ಅನ್ನಿಸುವುದಿಲ್ಲ.

2. ರಾಗಿಗೂ ಮಿತಿ ಇದೆ. ಅಕ್ಕಿಗಿಂತ ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ ಪಿಷ್ಟವೂ ಸಾಕಷ್ಟಿದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಅರಗಿ ಶುಗರ್ ಏರಿಸುತ್ತದೆ. ಒಂದು ಸಣ್ಣ ಮುದ್ದೆ, ಅದಕ್ಕೆ ಧಾರಾಳವಾಗಿ ಬಸ್ಸಾರು, ಪಲ್ಯ, ಮೊಳಕೆ ಹುರುಳಿ ಇದ್ದರೆ ಒಳ್ಳೆಯ ಊಟ.

3. ಬೆಲ್ಲ, ಜೇನುತುಪ್ಪ ರಿಯಾಯಿತಿ ಕೊಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ಅವೂ ಸಕ್ಕರೆಯೇ. ಹಣ್ಣನ್ನು ಜ್ಯೂಸ್ ಮಾಡದೆ, ಇಡಿಯಾಗಿ, ಮಿತವಾಗಿ ತಿನ್ನಿ.

4. ಉಣ್ಣುವ ಕ್ರಮವೂ ಮದ್ದು. ಮದುವೆಯೂಟದ ಬಾಳೆಲೆಗೆ ಕೋಸಂಬರಿ, ಪಲ್ಯ ಬಿದ್ದ ಮೇಲೆ ಅನ್ನ ಬರುತ್ತದೆ. ಮನೆಯಲ್ಲೂ ಅದೇ ಕ್ರಮದಲ್ಲಿ ಉಣ್ಣಿ. ನಾರು, ಪ್ರೋಟೀನ್ ಮೊದಲು ಹೊಟ್ಟೆ ಸೇರಿದರೆ ಊಟದ ನಂತರದ ಶುಗರ್ ಅಷ್ಟು ಜೋರಾಗಿ ಏರುವುದಿಲ್ಲ.

5. ಉಂಡ ಮೇಲೆ ನಡೆಯಿರಿ. ದುಡಿಯುವ ಸ್ನಾಯು ರಕ್ತದಲ್ಲಿನ ಗ್ಲೂಕೋಸನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷದ ನಡಿಗೆಯೂ ಫಲ ಕೊಡುತ್ತದೆ. ಒಟ್ಟಾರೆ ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಗುರಿಯಾಗಿರಲಿ.

6. ಮಾತ್ರೆ ನುಂಗಿ ಊಟ ತಪ್ಪಿಸಬೇಡಿ. ಕೆಲವು ಮಾತ್ರೆ ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ 70ಕ್ಕಿಂತ ಕೆಳಗಿಳಿದು ಕೈನಡುಕ, ಬೆವರು, ತಲೆಸುತ್ತು ಬರಬಹುದು. ಆಗ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಏಕಾದಶಿಯಿರಲಿ, ರಂಜಾನ್ ಇರಲಿ, ಉಪವಾಸ ಹಿಡಿಯುವ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಮೆಂತ್ಯ, ಹಾಗಲಕಾಯಿ ಊಟದಲ್ಲಿರಲಿ. ಅವನ್ನು ನಂಬಿ ಮಾತ್ರೆ ಬಿಡಬೇಡಿ.

7. ಒಂದು ದಿನದ ಅಂಕಿಗೆ ಎದೆಗುಂದಬೇಡಿ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಬಹುತೇಕರಿಗೆ ಅದು 7ಕ್ಕಿಂತ ಕೆಳಗಿರಬೇಕು. ನಿಮ್ಮ ಗುರಿ ಎಷ್ಟೆಂದು ವೈದ್ಯರನ್ನು ಕೇಳಿ. ಈ ಕಾಯಿಲೆ ಪತ್ತೆಯಾಗುವ ಮುನ್ನವೇ ವರ್ಷಗಟ್ಟಲೆ ಮೈಯಲ್ಲಿ ಅಡಗಿರುವುದುಂಟು. ಆದ್ದರಿಂದ ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆ ಈಗಲೇ ಆಗಲಿ, ಮುಂದೆ ಪ್ರತಿ ವರ್ಷವೂ ಆಗಲಿ.

ಇವೆಲ್ಲವನ್ನೂ ಒಂದೇ ದಿನ ಹೊತ್ತುಕೊಳ್ಳಬೇಕಿಲ್ಲ. ಈ ವಾರ ತಟ್ಟೆಯ ಅಳತೆ ಮತ್ತು ಊಟದ ಮೇಲಿನ ನಡಿಗೆ ಹಿಡಿಯಿರಿ. ಅವು ರೂಢಿಯಾದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಿಕೊಳ್ಳಿ. ಬದುಕಿಡೀ ನಡೆಸಿಕೊಂಡು ಹೋಗಬಲ್ಲ ಸಣ್ಣ ಬದಲಾವಣೆಯೇ ಈ ಕಾಯಿಲೆಯನ್ನು ಹತೋಟಿಯಲ್ಲಿಡುವುದು.