ನೆಲ ನಡುಗಿದರೆ ಕಟಾ ಗೆದ್ದಂತೆಯೆ?

ಆರೋಗ್ಯ ಪ್ರಶ್ನೋತ್ತರ

ಈ ಸಲ ಕರಾಟೆ ಕಲಿಯುವವರ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಅದರಲ್ಲೂ ಕುಮಿಟೆ (ಎದುರಾಳಿಯೊಡನೆ ಸೆಣಸಾಟ) ಆಡಿ ಪೆಟ್ಟು ತಿಂದವರದಲ್ಲ, ಕಟಾ (ಗೊತ್ತಾದ ಕ್ರಮದ ಚಲನೆಗಳು) ಮಾಡುವವರದು. ಎದುರಾಳಿಯೇ ಇಲ್ಲದ ಕಟಾದಲ್ಲಿ ಏಟು ಬೀಳುವುದಾದರೂ ಯಾರಿಗೆ ಎಂದು ಕೇಳಬಹುದು. ಮಾಡುವವರಿಗೇ ಬೀಳುತ್ತದೆ, ಅದೂ ಹೆಚ್ಚಾಗಿ ಹಿಮ್ಮಡಿಗೆ.

ಪ್ರಶ್ನೆ: ಮಗನಿಗೆ 11 ವರ್ಷ, ಎರಡು ವರ್ಷದಿಂದ ಕರಾಟೆಗೆ ಹೋಗುತ್ತಿದ್ದಾನೆ. ಈಚೆಗೆ ಎರಡೂ ಹಿಮ್ಮಡಿ ನೋವು ಅನ್ನುತ್ತಾನೆ. ಕ್ಲಾಸಿನಿಂದ ಬಂದ ಸಂಜೆ ತುದಿಗಾಲಲ್ಲಿ ಕುಂಟುತ್ತಾನೆ, ಬೆಳಿಗ್ಗೆ ಎದ್ದಾಗ ಸರಿಯಿರುತ್ತಾನೆ. ಕಾಲು ಊರಿದ ಸದ್ದು ಹಾಲಿನ ಆ ತುದಿಗೂ ಕೇಳಬೇಕು ಎಂದು ಅವರ ಮಾಸ್ಟರ್ ಹೇಳಿದ್ದಾರಂತೆ. ಮನೆಯಲ್ಲೂ ಟೈಲ್ಸ್ ಮೇಲೆ ದಬದಬ ಅದೇ ಅಭ್ಯಾಸ. ನಮ್ಮತ್ತೆ ‘ಬೆಳೆಯೋ ಮಗು, ಎಣ್ಣೆ ತಿಕ್ಕು, ಹೋಗುತ್ತೆ’ ಅನ್ನುತ್ತಾರೆ. ಕ್ಲಾಸು ಬಿಡಿಸಲೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಕ್ಲಾಸು ಬಿಡಿಸಬೇಡಿ, ಸದ್ದು ಬಿಡಿಸಿ. ನಿಮ್ಮತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇದು ಬೆಳೆಯುವ ಮಕ್ಕಳಿಗೇ ಬರುವ ತೊಂದರೆ. ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಬೆಳವಣಿಗೆಯ ಒಂದು ಮೃದ್ವಸ್ಥಿ ಫಲಕ ಇರುತ್ತದೆ. ಸುಮಾರು 8ರಿಂದ 14 ವರ್ಷದೊಳಗೆ ಅದು ಇನ್ನೂ ಗಟ್ಟಿಯಾಗಿರುವುದಿಲ್ಲ. ಮೇಲಿನಿಂದ ಮೀನಖಂಡದ ಸ್ನಾಯು ಅದನ್ನು ಎಳೆಯುತ್ತಿರುತ್ತದೆ, ಕೆಳಗಿನಿಂದ ನೆಲ ಗುದ್ದುತ್ತಿರುತ್ತದೆ. ಎರಡೂ ಸೇರಿದಾಗ ಆ ಜಾಗ ಕೆರಳುತ್ತದೆ. ವೈದ್ಯರು ಇದನ್ನು ಸೀವರ್ಸ್ ಎಂಬ ಹೆಸರಿನಿಂದ ಕರೆಯುತ್ತಾರೆ. ಓಟ, ಫುಟ್‌ಬಾಲ್ ಆಡುವ ಮಕ್ಕಳಲ್ಲೂ ಇದು ಸಾಮಾನ್ಯ. ಆದರೆ ಅವರ ಕಾಲಲ್ಲಿ ಶೂ ಇರುತ್ತದೆ, ಕರಾಟೆ ಬರಿಗಾಲಿನದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಅವನ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಅಮುಕಿ. ‘ಅಯ್ಯೋ’ ಎಂದು ಕಾಲೆಳೆದುಕೊಂಡರೆ ನನ್ನ ಊಹೆ ಹೆಚ್ಚುಕಡಿಮೆ ನಿಜ. ಸಾಮಾನ್ಯವಾಗಿ ಎಕ್ಸ್‌ರೇ ಬೇಕಾಗುವುದಿಲ್ಲ. ಆದರೆ ಊತ, ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ, ಅಥವಾ ಒಂದೇ ಕಾಲಿನ ನೋವು ವಾರಗಟ್ಟಲೆ ಇಳಿಯದಿದ್ದರೆ ತಡಮಾಡದೆ ತೋರಿಸಿ.

ಕೆಲವು ವಾರ ಜಿಗಿತವಿರುವ ಕಟಾಗಳನ್ನು ಬದಿಗಿಡಲಿ. ಶೋಟೊಕಾನ್ ಶೈಲಿ ಕಲಿಯುತ್ತಿದ್ದರೆ ಹೇಯಾನ್ ಗೋದಾನ್‌ನ ಜಿಗಿತ, ಹೇಯಾನ್ ಸಾನ್‌ದಾನ್‌ನಲ್ಲಿ ಒಂದರ ಹಿಂದೊಂದು ಬರುವ ಮೂರು ತುಳಿತಗಳು ಸದ್ಯಕ್ಕೆ ಬೇಡ. ಅಭ್ಯಾಸದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ, ದಿನಕ್ಕೆರಡು ಸಲ ಮೀನಖಂಡ ಹಿಗ್ಗಿಸುವ ವ್ಯಾಯಾಮ, ಸ್ಕೂಲ್ ಶೂ ಒಳಗೆ ಹಿಮ್ಮಡಿಗೆ ಒಂದು ಮೆತ್ತೆ. ಎಣ್ಣೆ ತಿಕ್ಕಿದರೆ ತೊಂದರೆಯೇನಿಲ್ಲ, ಅಜ್ಜಿಗೂ ಸಮಾಧಾನ. ಮೂಳೆ ಬೆಳೆದು ಕೂಡಿಕೊಂಡ ಮೇಲೆ ಈ ನೋವು ಶಾಶ್ವತವಾಗಿ ಹೋಗುತ್ತದೆ. ಮುಂದೆ ಕಾಲು ಸೊಟ್ಟಗಾಗುತ್ತದೆ ಎಂಬ ಭಯ ಬೇಡ.

ಇನ್ನು ಮಾಸ್ಟರ ಮಾತು. ಅವರಿಗೆ ಈ ಅಂಕಣ ತೋರಿಸಿ ಜಗಳ ಆಡಬೇಡಿ. ‘ಡಾಕ್ಟರು ಆರು ವಾರ ಸದ್ದಿಲ್ಲದೆ ಮಾಡಿಸಿ ಅಂದಿದ್ದಾರೆ ಸರ್’ ಎಂದಷ್ಟೇ ಹೇಳಿ. ಸದ್ದಿಲ್ಲದೆ ಮಾಡುವುದು ಸದ್ದು ಮಾಡುವುದಕ್ಕಿಂತ ಕಷ್ಟ ಎಂಬುದು ಒಳ್ಳೆಯ ಗುರುಗಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ವಯಸ್ಸು 38, ಬ್ಲ್ಯಾಕ್ ಬೆಲ್ಟ್. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದಿದ್ದಾರೆ. ಮುಂಗಾಲು ಊರುವಾಗ ನೆಲ ಗುದ್ದಿದರೇನೇ ತಂತ್ರಕ್ಕೆ ಶಕ್ತಿ ಬರುವುದು ಎಂದು ಕಲಿತವನು ನಾನು. ಸದ್ದಿಲ್ಲದಿದ್ದರೆ ಅಂಕ ಬರುತ್ತದೆಯೇ? ಈ ವಯಸ್ಸಿಗೆ ಸ್ಪರ್ಧೆ ನಿಲ್ಲಿಸಬೇಕೇ?
— ಓದುಗರು, ಶಿವಮೊಗ್ಗ

ಉತ್ತರ: ವಯಸ್ಸಿನ ಮಾತು ಮೊದಲು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಮಹಿಳೆಯರ ಕಟಾ ಚಿನ್ನ ಗೆದ್ದ ಸ್ಪೇನಿನ ಸಾಂಡ್ರಾ ಸಾಂಚೆಸ್ ಅವರಿಗೆ ಆಗ 39. ಆದ್ದರಿಂದ ಆ ನೆಪ ನಡೆಯುವುದಿಲ್ಲ.

ಅಂಕದ ಮಾತು ಎರಡನೆಯದು. ವಿಶ್ವ ಕರಾಟೆ ಫೆಡರೇಷನ್‌ನ ನಿಯಮಾವಳಿ ಕಾಲು ಅಪ್ಪಳಿಸುವುದು, ಎದೆ, ತೋಳು ಅಥವಾ ಡ್ರೆಸ್ಸಿಗೆ ಬಡಿದು ಸದ್ದು ಮಾಡುವುದು, ಅನಗತ್ಯವಾಗಿ ಬುಸುಗುಟ್ಟುತ್ತ ಉಸಿರು ಬಿಡುವುದು, ಇವನ್ನೆಲ್ಲ ನಾಟಕೀಯತೆ ಎಂದು ತಪ್ಪುಗಳ ಪಟ್ಟಿಗೆ ಸೇರಿಸಿದೆ. ನಮ್ಮ ತಾಲ್ಲೂಕು ಮಟ್ಟದ ಟೂರ್ನಮೆಂಟುಗಳಲ್ಲಿ ಕಲ್ಯಾಣಮಂಟಪದ ನೆಲ ಧಡ್ ಎಂದ ಕೂಡಲೇ ಪೋಷಕರು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಕೆಲವು ಜಡ್ಜ್‌ಗಳ ಕಿವಿಗೂ ಬೀಳುತ್ತದೆ, ಅದು ಬೇರೆ ವಿಷಯ.

ಈಗ ಶಕ್ತಿ. ನಡೆಯುವಾಗ ನೆಲ ನಮ್ಮ ಪಾದವನ್ನು ಒತ್ತುವ ಬಲ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಓಡುವಾಗ ಅದು ತೂಕದ ಎರಡು ಮೂರು ಪಟ್ಟು. ಮೊಣಕಾಲು ಸೆಟೆದುಕೊಂಡು ಹಿಮ್ಮಡಿಯನ್ನು ಕುಕ್ಕಿದರೆ ಆ ಬಲ ಕಣ್ಣು ಮಿಟುಕಿಸುವುದರೊಳಗೆ ಒಂದೇ ಏಟಿನಲ್ಲಿ ಮೂಳೆಗೆ ಏರುತ್ತದೆ. ಅದೇ ವೇಗವನ್ನು ನಿಲ್ಲಿಸಲು ಎರಡರಷ್ಟು ಸಮಯ ತೆಗೆದುಕೊಂಡರೆ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಆ ಸಮಯವನ್ನು ಕೊಡುವುದು ಮಡಿಸಿದ ಮಂಡಿ, ತೊಡೆಯ ಸ್ನಾಯು, ಕಣಕಾಲು. ನಿಮಗೆ ಕೇಳಿಸುವ ಧಡ್ ಸದ್ದು, ಸ್ನಾಯು ಮಾಡಬೇಕಿದ್ದ ಬ್ರೇಕಿನ ಕೆಲಸವನ್ನು ಮೂಳೆ ಮಾಡಿತು ಎಂಬುದರ ವರದಿ. ಗುದ್ದಿಗೆ ಹೋಗಬೇಕಿದ್ದ ಶಕ್ತಿಯ ಒಂದು ಪಾಲು ಟೈಲ್ಸಿಗೆ ಹೋಗಿರುತ್ತದೆ.

ಸದ್ದು ಹುಟ್ಟುವುದು ಎಲ್ಲಿ ಎಂದರೆ, ಕಾಲು ನೆಲ ಮುಟ್ಟುವ ಮೊದಲೇ ಮೈಭಾರ ಮುಂದಕ್ಕೆ ವಾಲಿಬಿಡುವಲ್ಲಿ. ಆಗ ನೀವು ಹೆಜ್ಜೆ ಇಡುತ್ತಿಲ್ಲ, ಬೀಳುತ್ತಿದ್ದೀರಿ. ಝೆನ್‌ಕುತ್ಸು-ದಾಚಿಯಲ್ಲಿ (ಮುಂಗಾಲು ಮಡಿಸಿದ ನಿಲುವು) ಮುಂದೆ ಹೋಗುವಾಗ ನಡುವೆ, ಎರಡೂ ಪಾದ ಪಕ್ಕಪಕ್ಕ ಬಂದ ಕ್ಷಣದಲ್ಲಿ, ತಟ್ಟನೆ ನಿಂತು ನೋಡಿ. ಒಂಟಿ ಕಾಲ ಮೇಲೆ ಅಲುಗದೆ ನಿಲ್ಲಲಾದರೆ ಭಾರ ನಿಮ್ಮ ಹಿಡಿತದಲ್ಲಿದೆ. ತೂರಾಡಿದರೆ ಧಡ್ ಸದ್ದಿನ ಮೂಲ ಸಿಕ್ಕಿತು. ಪಾದ ನೆಲಕ್ಕೆ ಅಂಟಿದಂತೆ ಜಾರುತ್ತ ಹೋಗಲಿ. ಸುರಿ-ಆಶಿ ಎಂದು ನಿಮ್ಮ ಗುರುಗಳು ಹೇಳಿರಬಹುದು. ಮೊದಲು ಬೆರಳ ಬುಡದ ದಿಂಡು ನೆಲ ಮುಟ್ಟಲಿ, ಹಿಮ್ಮಡಿ ಆಮೇಲೆ ಕೂರಲಿ. ತಲೆಯ ಎತ್ತರ ಏರಿಳಿಯಬಾರದು, ಏರಿದ ತಲೆ ಇಳಿಯುವಾಗ ನೆಲಕ್ಕೇ ಬರುವುದು. ಜೊತೆಗೆ ಮನೆಯ ಒಂದು ಮೆಟ್ಟಿಲಿನಿಂದ ಒಂಟಿ ಕಾಲಿನ ಬಲದಲ್ಲಿ ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ನಿಧಾನ ಇಳಿಯುವುದನ್ನು, ಪ್ರತಿ ಕಾಲಿಗೆ 10 ಸಲ, ದಿನ ಬಿಟ್ಟು ದಿನ ಮಾಡಿ. ಇದು ತೊಡೆಗೆ ಬ್ರೇಕು ಹಾಕುವುದನ್ನು ಕಲಿಸುತ್ತದೆ.

‘ಕಟಾದಲ್ಲೇ ತುಳಿತ ಇದೆಯಲ್ಲ’ ಎನ್ನಬೇಡಿ. ಇದೆ, ಅದರ ಹೆಸರೇ ಫುಮಿಕೋಮಿ. ಆದರೆ ಅದು ಎದುರಾಳಿಯ ಮಂಡಿಗೋ ಪಾದದ ಮೇಲ್ಭಾಗಕ್ಕೋ ಇಟ್ಟದ್ದು, ನೆಲ ಅದರ ಗುರಿಯಲ್ಲ. ಒಬ್ಬರೇ ಮಾಡುವಾಗ ಆ ಮಂಡಿ ಅಲ್ಲಿರುವುದಿಲ್ಲವಾದ್ದರಿಂದ ಏಟಿನ ಪೂರಾ ಲೆಕ್ಕ ಹಿಮ್ಮಡಿಗೆ ಬೀಳುತ್ತದೆ. ಸ್ಪರ್ಧೆಯ ದಿನ ಒಂದೆರಡು ಸಲ ಜೋರಾಗಿ ಊರಿದರೆ ಯಾರಿಗೂ ಏನೂ ಆಗುವುದಿಲ್ಲ. ವಾರಕ್ಕೆ ನೂರಾರು ಸಲ, ಅದೂ ಗ್ರಾನೈಟ್ ಮೇಲೆ, ಎಂಬುದು ನನ್ನ ತಕರಾರು.

ನಿಮ್ಮ ನೋವು ಅಂಗಾಲಿನ ಉದ್ದಕ್ಕೂ ಹರಡಿದ ಗಟ್ಟಿ ಪೊರೆಯದು, ಪ್ಲಾಂಟರ್ ಫೇಶಿಯೈಟಿಸ್. ಎಕ್ಸ್‌ರೇಯ ಆ ಮುಳ್ಳಿಗೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಲ್ಲಿ ಅದು ಕಾಣುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಟವೆಲನ್ನು ಪಾದಕ್ಕೆ ಸಿಕ್ಕಿಸಿ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ. ಹೆಚ್ಚಿನವರಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ, ಆದರೆ ತಿಂಗಳುಗಳು ಬೇಕು. ಸ್ಪರ್ಧೆ ಹತ್ತಿರ ಬಂತೆಂದು ಮೇಲಿಂದ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಆ ಪೊರೆ ಹರಿಯುವ, ಹಿಮ್ಮಡಿಯ ಕೊಬ್ಬಿನ ದಿಂಬು ಸವೆಯುವ ಅಪಾಯವಿದೆ. ನೋವು ಒಂದೇ ಬಿಂದುವಿನಲ್ಲಿ ನಿಂತು, ನಡೆದಷ್ಟೂ ಹೆಚ್ಚಾಗುತ್ತ, ರಾತ್ರಿಯೂ ಕಾಡಿದರೆ ಮೂಳೆಯ ಸಣ್ಣ ಬಿರುಕಿನ ಅನುಮಾನ ಪಡಬೇಕು. ಇದು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆಗ ಎಂಆರ್‌ಐ ಬೇಕಾದೀತು.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ನಾನು ಬೆಳಿಗ್ಗೆ ಐದೂವರೆಗೆ ಕಟಾ ಮಾಡುತ್ತೇನೆ. ಕೆಳಗಿನ ಮನೆಯವರು ಅಸೋಸಿಯೇಷನ್‌ಗೆ ದೂರು ಕೊಟ್ಟಿದ್ದಾರೆ. ಮ್ಯಾಟ್ ಹಾಕಿದರೆ ಸಾಕೇ? ಸಾಕ್ಸ್ ಹಾಕಿ ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಸಾಕ್ಸ್ ಬೇಡವೇ ಬೇಡ. ಟೈಲ್ಸ್ ಮೇಲೆ ಸಾಕ್ಸ್ ಹಾಕಿ ತಿರುಗಿ ಮಣಿಕಟ್ಟು ಮುರಿದುಕೊಂಡರೆ ಕೆಳಮನೆಯವರಿಗೂ ಬೇಸರವಾಗುತ್ತದೆ. ಒಂದಕ್ಕೊಂದು ಸಿಕ್ಕಿಸುವ ಫೋಮ್ ಮ್ಯಾಟ್ ನಿಮ್ಮ ಹಿಮ್ಮಡಿಗೆ ಒಳ್ಳೆಯದು. ಆದರೆ ಕಾಂಕ್ರೀಟಿನ ಮೂಲಕ ಇಳಿಯುವ ಗುಮ್ಮೆನ್ನುವ ಸದ್ದನ್ನು ಅದು ಪೂರ್ತಿ ತಡೆಯುವುದಿಲ್ಲ. ತೀರಾ ಮೆತ್ತಗಿನ ಮ್ಯಾಟಾದರೆ ತಿರುಗುವಾಗ ಪಾದ ಹೂತು ಮಂಡಿ ತಿರುಚುತ್ತದೆ, ಒತ್ತಿದರೆ ಹೆಚ್ಚು ಕುಸಿಯದ ಗಟ್ಟಿ ಫೋಮ್ ನೋಡಿ ಕೊಳ್ಳಿ. ಜಿಗಿತಗಳನ್ನು ಪಾರ್ಕಿನ ಮಣ್ಣಿಗೆ ಒಯ್ಯಿರಿ.

ಕರಾಟೆಯನ್ನು ಒಕಿನಾವಾದಿಂದ ಜಪಾನಿನ ಮುಖ್ಯ ದ್ವೀಪಕ್ಕೆ 1922ರಲ್ಲಿ ಒಯ್ದ ಗಿಚಿನ್ ಫುನಾಕೋಶಿ ಯೌವನದಲ್ಲಿ ಕಲಿತದ್ದು ಗುರು ಅಸಾತೊ ಅವರ ಮನೆಯ ಹಿತ್ತಲಿನಲ್ಲಿ, ರಾತ್ರಿ ಹೊತ್ತು. ಬೆಳಗಾಗುವಾಗ ಮನೆಗೆ ಮರಳುತ್ತಿದ್ದ ಆತನ ಬಗ್ಗೆ ಅಕ್ಕಪಕ್ಕದವರು ಏನೇನೋ ಊಹಿಸಿಕೊಂಡಿದ್ದರಂತೆ. ಆದರೆ ಸದ್ದಿನ ದೂರು ಹೋದದ್ದು ಗೊತ್ತಿಲ್ಲ. ಐದೂವರೆಯ ಕಟಾವನ್ನು ತೈ ಚಿಯಷ್ಟು ನಿಧಾನವಾಗಿ ಮಾಡಿ, ವೇಗದ್ದನ್ನು ಸಂಜೆಗಿಡಿ.

ಪ್ರಶ್ನೆ: 21 ವರ್ಷ. ಗ್ರೇಡಿಂಗ್‌ಗೆಂದು ಕಾಲೇಜಿನ ಸಿಮೆಂಟ್ ಅಂಗಳದಲ್ಲಿ ಎರಡು ತಾಸು ತುಳಿತದ ಅಭ್ಯಾಸ ಮಾಡಿದ ದಿನ ಮೂತ್ರ ಕಡುಕೆಂಪಗೆ ಹೋಯಿತು. ಮರುದಿನ ಸರಿಯಾಯಿತು. ಹೀಗೆ ಎರಡು ಸಲ ಆಗಿದೆ. ಮನೆಯಲ್ಲಿ ಹೇಳಿಲ್ಲ.
— ಓದುಗ, ಧಾರವಾಡ

ಉತ್ತರ: ಮೊದಲು ಮನೆಯಲ್ಲಿ ಹೇಳಿ, ಆಮೇಲೆ ಈ ವಾರವೇ ವೈದ್ಯರನ್ನು ಕಾಣಿ. ಅಂಗಾಲು ಗಟ್ಟಿ ನೆಲಕ್ಕೆ ಪದೇ ಪದೇ ಅಪ್ಪಳಿಸಿದಾಗ ಅಲ್ಲಿನ ರಕ್ತನಾಳಗಳಲ್ಲಿ ಹರಿಯುವ ಕೆಂಪು ಕಣಗಳು ಒಡೆಯುತ್ತವೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತದೆ. 1881ರಲ್ಲಿ ಜರ್ಮನಿಯಲ್ಲಿ, ದೀರ್ಘ ಕವಾಯತು ಮಾಡಿದ ಸೈನಿಕನೊಬ್ಬನಲ್ಲಿ ಇದನ್ನು ಮೊದಲು ವಿವರಿಸಲಾಯಿತು. ದೂರದ ಓಟಗಾರರಲ್ಲಿ, ಕೈಯಿಂದ ಡ್ರಮ್ ಬಾರಿಸುವವರಲ್ಲಿ ಕಂಡಿದೆ. ಕರಾಟೆ ಅಭ್ಯಾಸಿಗಳಲ್ಲೂ ಕಂಡದ್ದು 1967ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ತಿಳಿಯಾಗುತ್ತದೆ.

ಆದರೆ ‘ಅದೇ ಇರಬೇಕು’ ಎಂದು ನೀವೇ ತೀರ್ಮಾನಿಸುವಂತಿಲ್ಲ. ಸ್ನಾಯುಗಳು ವಿಪರೀತ ದಣಿದು ಒಡೆದರೂ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಅದು ಮೂತ್ರಪಿಂಡಕ್ಕೆ ಹಾನಿಮಾಡಬಲ್ಲದು. ಕಲ್ಲು, ಸೋಂಕು, ಮೂತ್ರಪಿಂಡದ ಉರಿಯೂತ ಕೂಡ ಪಟ್ಟಿಯಲ್ಲಿವೆ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದಿರಾ ಎಂದೂ ಕೇಳುತ್ತೇನೆ. ಬಣ್ಣ ಬದಲಾದ ದಿನದ ಮೂತ್ರವನ್ನೇ ಲ್ಯಾಬಿಗೆ ಕೊಡಬೇಕು. ಪಟ್ಟಿ ಪರೀಕ್ಷೆ ರಕ್ತವಿದೆ ಎಂದು ತೋರಿಸಿ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣಗಳೇ ಕಾಣದಿದ್ದರೆ ಹಿಮೋಗ್ಲೋಬಿನ್ ಅಥವಾ ಸ್ನಾಯುವಿನ ಮಯೋಗ್ಲೋಬಿನ್ ಎಂದು ಗೊತ್ತಾಗುತ್ತದೆ. ಮೂತ್ರ ಕಡಿಮೆಯಾದರೆ, ತೊಡೆ ಊದಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವೈದ್ಯರು ಕಾರಣ ಹೇಳುವವರೆಗೆ ಸಿಮೆಂಟ್ ಅಂಗಳ ಬಂದ್.

ಪ್ರಶ್ನೆ: ಗುದ್ದಿದಾಗ ತೋಳಿನ ಬಟ್ಟೆ ಚಟ್ ಎನ್ನಲಿ ಎಂದು ದಪ್ಪ ಕ್ಯಾನ್ವಾಸ್ ಡ್ರೆಸ್ ಹೊಲಿಸಿದೆ. ಸದ್ದು ಚೆನ್ನಾಗಿ ಬರುತ್ತದೆ, ಮೊಣಕೈ ಹಿಂದೆ ನೋವೂ ಬರುತ್ತದೆ. (17 ವರ್ಷದ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಚಟ್ ಎನ್ನಿಸಲು ನೀನು ಮೊಣಕೈಯನ್ನು ಕೊನೆಯವರೆಗೂ ಝಾಡಿಸುತ್ತಿದ್ದೀಯ. ಗಾಳಿಗೆ ಗುದ್ದುವಾಗ ತಡೆಯುವ ವಸ್ತುವಿಲ್ಲ, ಹಾಗಾಗಿ ಮೊಣಕೈಯ ಹಿಂಬದಿಯ ಮೂಳೆ ತನ್ನ ಗುಳಿಗೆ ಹೋಗಿ ಬಡಿಯುತ್ತದೆ. ಕೈ ಪೂರ್ತಿ ನೇರವಾಗುವ ಕೂದಲೆಳೆ ಮೊದಲೇ ನಿಲ್ಲಿಸು. ಮೂರು ವಾರ ಹಳೆಯ ತೆಳು ಡ್ರೆಸ್ಸಿನಲ್ಲಿ, ಅರ್ಧ ವೇಗದಲ್ಲಿ ಮಾಡು. ಕೈ ಪೂರ್ತಿ ಚಾಚಲು ಆಗದಿದ್ದರೆ, ಮಡಿಸುವಾಗ ಸಿಕ್ಕಿಕೊಂಡಂತೆ ಆದರೆ ಮೂಳೆ ವೈದ್ಯರಿಗೆ ತೋರಿಸು.

ಪ್ರಶ್ನೆ: ವಯಸ್ಸು 52, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಗೋಜು-ರ್ಯು ಶೈಲಿಯ ಕರಾಟೆ ಸೇರಿದ್ದೇನೆ. ಸಾಂಚಿನ್ ಕಟಾದಲ್ಲಿ ಗಂಟಲಿನಿಂದ ಹ್ಹಾ ಎಂದು ಉಸಿರು ಬಿಡುವಾಗ ತಲೆ ಸುತ್ತುತ್ತದೆ.
— ಓದುಗರು, ಮಂಗಳೂರು

ಉತ್ತರ: ಸಾಂಚಿನ್‌ನಲ್ಲಿ ಕೇಳಿಸುವ ಉಸಿರು ಆ ಶಾಲೆಯ ಪದ್ಧತಿಯ ಭಾಗ, ಅದನ್ನು ಅನಗತ್ಯ ಸದ್ದೆನ್ನಲಾರೆ. ತೊಂದರೆ ಇರುವುದು ಸದ್ದು ಹೆಚ್ಚಿಸಲು ಗಂಟಲು ಬಿಗಿದು, ಮೈಯೆಲ್ಲ ಸೆಟೆದು, ಉಸಿರನ್ನು ಅರ್ಧ ಹಿಡಿದಿಡುವುದರಲ್ಲಿ. ಭಾರ ಎತ್ತುವವರಲ್ಲಿ ಆಗುವಂತೆ ರಕ್ತದೊತ್ತಡ ಆಗ ಗಕ್ಕನೆ ಏರುತ್ತದೆ, ಬಿಗಿ ಬಿಟ್ಟೊಡನೆ ಇಳಿಯುತ್ತದೆ. ತಲೆ ಸುತ್ತುವುದು ಆ ಇಳಿತದಲ್ಲಿ ಇರಬಹುದು. ಬಿರುಸಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ತಗ್ಗಿದ್ದರಿಂದಲೂ ಆಗಬಹುದು, ಮಾತ್ರೆಯ ಪ್ರಮಾಣ ಹೆಚ್ಚಾಗಿದ್ದರೂ ಆಗಬಹುದು. ಗ್ಲಾಕೋಮಾ, ಕಣ್ಣಿನ ಅಕ್ಷಿಪಟದ ತೊಂದರೆ ಅಥವಾ ಹರ್ನಿಯಾ ಇದ್ದವರು ಇಂಥ ಬಿಗಿತದಿಂದ ದೂರವಿರುವುದು ಲೇಸು.

ಗುರುಗಳಿಗೆ ಬಿಪಿಯ ವಿಷಯ ತಿಳಿಸಿ, ಸಾಂಚಿನ್ ಸದ್ಯಕ್ಕೆ ನಿಲ್ಲಿಸಿ. ಬಾಯಿ ಸಡಿಲವಾಗಿಟ್ಟು, ಪಕ್ಕದವರಿಗೂ ಕೇಳಿಸದಂತೆ ಉಸಿರು ಬಿಡುತ್ತ ಬೇರೆ ಕಟಾಗಳನ್ನು ಮಾಡಿ. ಕಿಯಾಯ್ ಕೂಗಬಹುದು, ಅದು ಕ್ಷಣದ ಮಾತು, ಅದರಲ್ಲಿ ಉಸಿರು ಹೊರಗೇ ಹೋಗುತ್ತದೆ. ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ನಡೆಯಿರಿ. ಇಲ್ಲವಾದರೆ ಒಂದು ವಾರ ಬೆಳಿಗ್ಗೆ, ಸಂಜೆ ಮತ್ತು ಕ್ಲಾಸು ಮುಗಿದ ಹತ್ತು ನಿಮಿಷದ ನಂತರ ಬಿಪಿ ಅಳೆದು ಬರೆದಿಡಿ. ಆ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಸಾಂಚಿನ್ ಮತ್ತೆ ಶುರು ಮಾಡುವ ಮಾತು ಅದಾದ ಮೇಲೆ.